ಕಂಬದ ಮೇಲಿನ ಹೆಸರು

ಅಕ್ಟೋಬರ್ ೧೪, ಮಂಗಳವಾರ

ಬೆಳಿಗ್ಗೆ ಒಂದು ಸುಳ್ಳು ಹೇಳಿದೆ.

ಪ್ರವಾಸಿಗರಿಗೆ ಇವತ್ತೂ ಒಂದೇ ದಿನದಲ್ಲಿ ಅಥೆನ್ಸ್ ತೋರಿಸಿ ಮುಗಿಸಿದೆ. ಹಳೇ ಪೇಟೆ ಪ್ಲಾಕಾದ ತಿರುವಿನ ಕಂಬಕ್ಕೆ, ಇಲ್ಲಿನ ರೂಢಿಯಂತೆ, ಗ್ರೀಕಿನಲ್ಲಿ ಬರೆದ ಸಾವಿನ ಚೀಟಿ ಅಂಟಿಸಿದ್ದರು. ನನಗೆ ಗೈಡ್ ಕೆಲಸ ಕಲಿಸಿದ ಪಾಂದೆಲಿಸ್ ಮೇಷ್ಟ್ರ ಹೆಸರು. ಮಣ್ಣು ಮಾಡುವುದು ಇವತ್ತೇ, ನಾಲ್ಕು ಗಂಟೆಗೆ.

"ಅದರಲ್ಲಿ ಏನ್ ಬರ್ದಿದೆ?" ಎಂದಳು ಗುಂಪಿನ ಹೆಂಗಸೊಬ್ಬಳು.

"ನಾಳೆ ನೀರು ಬರಲ್ವಂತೆ," ಎಂದೆ.

ನಾಲ್ಕಕ್ಕೆ ಅಕ್ರೊಪೊಲಿಸ್ ಗುಡ್ಡದ ಮೇಲೆ ಪ್ರವಾಸಿಗರ ಫೋಟೊ ತೆಗೆಯುತ್ತಿದ್ದೆ. "ಕಲ್ಲು ತೋರಿಸೋ ಅವಸರದಲ್ಲಿ ಜನರನ್ನ ಮರೀಬೇಡ ಕಣೇ, ಕತ್ತೆ," ಎಂದು ಕೆಲಸ ಕಲಿಸುವಾಗ ಮೇಷ್ಟ್ರು ಬೈಯುತ್ತಿದ್ದರು.

ಸಂಜೆ ಆ ಹೆಂಗಸು ನನ್ನ ಕೈ ಹಿಡಿದು, "ಒಂದನ್ನೂ ಬಿಡದೆ ತೋರಿಸಿದ್ರಿ," ಎಂದಳು. ತಲೆಯಾಡಿಸಿದೆ.

ನಾಳೆ ಹೊಸ ಗುಂಪು, ಅದೇ ತಿರುವು. ಚೀಟಿ ಇನ್ನೂ ಇರುತ್ತದೆ. ಯಾರಾದರೂ ಕೇಳಿದರೆ ಮೇಷ್ಟ್ರ ಹೆಸರು ಓದಿ ಹೇಳುತ್ತೇನೆ.