ಸತ್ತವರ ಮುಖವಾಡದೊಳಗಿನ ದನಿ

ಅಕ್ಕನಿಗೆ ರೋಮ್‌ನಿಂದ ತಮ್ಮ ರುಫಿಯೊನ ನಮಸ್ಕಾರ.

ದುರಂತ ನಾಟಕಗಳಲ್ಲಿ ರಾಜನಾಗಿ ಅಬ್ಬರಿಸುವ ನನ್ನನ್ನು ನಿನ್ನೆ ಒಂದು ಶವಯಾತ್ರೆಗೆ ಕರೆದಿದ್ದರು. ಸತ್ತವರ ವೇಷದಲ್ಲಿ ನಟನೊಬ್ಬ ನಡೆಯುವುದು ಇಲ್ಲಿಯ ರೂಢಿ. ತೀರಿಕೊಂಡ ನ್ಯಾಯಾಧೀಶರ ಮೇಣದ ಮುಖವಾಡ ತೊಟ್ಟು, ಅವರಂತೆಯೇ ಕುಂಟುತ್ತಾ ಚಟ್ಟದ ಮುಂದೆ ನಡೆದೆ. ಮುಖವಾಡದೊಳಗೆಲ್ಲ ಜೇನುಮೇಣದ ವಾಸನೆ. ಅದರ ಕಣ್ಣಿನ ತೂತುಗಳಿಂದ ಕಂಡ ಬೀದಿ ನೀರಿನಡಿ ಇದ್ದಂತಿತ್ತು. ಅವರ ಹೆಂಡತಿ ಬಂದು ನನ್ನ ತೋಳು ಹಿಡಿದು, “ಹೇಳದೆ ಕೇಳದೆ ಎಲ್ಲಿಗ್ರೀ ಹೊರಟ್ರಿ?” ಎಂದರು.

ಕಲಿತ ರಾಜರ ಮಾತು ಒಂದೂ ಬಾಯಿಗೆ ಬರಲಿಲ್ಲ. “ಈಗ ಬಂದೆ ಕಣೇ, ಅಗುಳಿ ಹಾಕ್ಕೋಬೇಡ” ಅಂದುಬಿಟ್ಟೆ. ಅವರು ತಲೆಯಾಡಿಸಿ ಕೈಬಿಟ್ಟರು.

ಆ ದನಿ ನ್ಯಾಯಾಧೀಶರದಲ್ಲ, ನನ್ನದೂ ಅಲ್ಲ. ತಿರುಗಿ ಬಾರದ ಆ ದೋಣಿ ಹತ್ತುವಾಗ ಅಮ್ಮನಿಗೆ ಅಪ್ಪ ಹೇಳಿದ್ದು ಅದೇ ಮಾತಲ್ಲವೇ?

ನಾನು ಆರೋಗ್ಯ. ಈ ಕಾಗದ ಒಯ್ಯುವ ಗಾಡಿಯವನಿಗೆ ಅವಸರ. ಇದನ್ನು ಅಮ್ಮನಿಗೆ ಮಾತ್ರ ಓದಿ ಹೇಳಬೇಡ. ಅವಳು ಇವತ್ತಿಗೂ ಅಗುಳಿ ಹಾಕದೆಯೇ ಮಲಗುತ್ತಾಳೆ.