ಡುಬ್ಬ ಹೋದ ಗುಡ್ಡ

ಕುರೆಕುಪ್ಪದ ಆಚೆಗಿನ ನಮ್ಮೂರು
ಯುಗಾದಿಯ ಹಿಂದಿನ ವಾರ, 2008

ನನ್ನ ಹಗುರ ಕೂಸೇ, ನೀಲಾ,

ನಿನಗೆ ಓದಲು ಬರುವುದಿಲ್ಲ ಅಂತ ಗೊತ್ತು. ಹಲ್ಲು ಮೂಡುವ ಮೊದಲೇ ಹೋದವಳು ನೀನು. ಆದರೂ ಊರಿನ ಮಕ್ಕಳಿಗೆಲ್ಲ ಅಕ್ಷರ ತೋರಿಸುವ ಅಂಗನವಾಡಿ ಟೀಚರು ನಾನು, ಹೆತ್ತ ಮಗಳಿಗೆ ಒಂದು ಕಾಗದ ಬರೆಯದಿದ್ದರೆ ಹೇಗೆ?

ಇವತ್ತು ಅಂಗನವಾಡಿ ಗೋಡೆಯ ಮೇಲಿನ ಊರ ನಕ್ಷೆಯನ್ನು ಹೊಸದಾಗಿ ಬರೆದೆ. ಹಳೆಯದಕ್ಕೆ ಸುಣ್ಣ ಬಳಿದು ಜನಸಂಖ್ಯೆ ತಿದ್ದಬೇಕೆಂದು ಸೂಪರ್‌ವೈಸರ್ ಇಂದಿರಾಬಾಯಿಯವರ ಅಪ್ಪಣೆಯಾಗಿತ್ತು. ನೀನಿದ್ದಾಗ ಊರೆಂದರೆ ಮೇಲಿನ ಓಣಿ, ಕೆಳಗಿನ ಓಣಿ, ನಡುವೆ ಕೆರೆ, ಹೊಲಗಳ ಆಚೆ ಉಚ್ಚೆಂಗಮ್ಮನ ಗುಡಿ, ಅದರ ಹಿಂದೆ ಗುಡ್ಡ. ಈಗ ಲಾರಿ ರಸ್ತೆಯ ಎರಡೂ ಬದಿಗೆ ತಗಡಿನ ಶೆಡ್ಡುಗಳು. ಬಿಹಾರದವರು, ಒಡಿಶಾದವರು, ತಮಿಳು ಡ್ರೈವರುಗಳು. ಬೆಳಿಗ್ಗೆ ಎಣಿಸಿದ ಸಂಸಾರ ಸಂಜೆಗೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಗಣಿಗೆ ಹೋಗಿರುತ್ತದೆ. ಹಾಗಾಗಿ ಊರಿಗೆಲ್ಲ ಬಣ್ಣ ಹಚ್ಚಿದ ನಾನು ಜನಸಂಖ್ಯೆಯನ್ನು ಮಾತ್ರ ಸೀಸದ ಕಡ್ಡಿಯಲ್ಲಿ ಬರೆದಿಟ್ಟೆ.

ಗುಡ್ಡದ ಹತ್ತಿರ ಬಂದಾಗ ಕೈ ಹಳೆಯ ಗುಡ್ಡವನ್ನೇ ಬರೆಯಿತು, ಎತ್ತಿನ ಡುಬ್ಬದಂತಿದ್ದ ಆ ತುದಿಯ ಸಮೇತ. ಇಂದಿರಾಬಾಯಿ ಕನ್ನಡಕ ಏರಿಸಿ ನೋಡಿ, "ಡುಬ್ಬ ಎಲ್ಲದ ರೀ ಈಗ? ಅಳಿಸಿಬಿಡ್ರಿ" ಅಂದರು. ನಾನು ಅಳಿಸಲಿಲ್ಲ. ಕಾರಣ ಅವರಿಗಲ್ಲ, ನಿನಗೆ ಹೇಳುತ್ತೇನೆ.

ನೀನು ಜ್ವರದಲ್ಲಿ ಕಣ್ಣು ಮುಚ್ಚಿದ ದಿನ ನಮ್ಮ ಹೊಲದ ಪಡುವಣ ಬದುವಿನಲ್ಲಿ ನಿನ್ನನ್ನು ಮಣ್ಣು ಮಾಡಿದೆವು. ತಲೆಯ ಹತ್ತಿರ ಒಂದು ಕಲ್ಲಾದರೂ ಇಡೋಣವೆಂದು ನಿನ್ನಪ್ಪ ರಾಮಾಂಜಿನಿ ಎತ್ತಿ ತಂದಿದ್ದ. ನಿನ್ನ ಅಜ್ಜಿ ಕರೆಮ್ಮ ಅವನ ಕೈ ಹಿಡಿದಳು. "ಕೂಸಿಗೆ ಕಲ್ಲು ಇಡಬ್ಯಾಡಲೇ, ಭಾರ ಆಗ್ತೈತಿ. ಹಗುರಿದ್ರ ಜಲ್ದಿ ತಿರುಗಿ ಹುಟ್ಟಿ ಬರ್ತೈತಿ." ನಮ್ಮ ಕಡೆಯ ಪದ್ಧತಿ ಅದು, ಯಾರೂ ಮೀರುವುದಿಲ್ಲ. ನಾಯಿ ಬಾರದಿರಲೆಂದು ಜಾಲಿಮುಳ್ಳು ಹೊದಿಸಿ ಬಂದೆವು.

ಮುಳ್ಳು ಎಷ್ಟು ದಿನ ಇದ್ದೀತು? ಅದಕ್ಕೇ ನಿನ್ನಪ್ಪ ಒಂದು ಗುರುತು ಇಟ್ಟುಕೊಂಡ. ಬದುವಿನ ಮೇಲೆ ನಡೆಯುತ್ತ ಹೋದರೆ ಗುಡಿಯ ಗೋಪುರದ ತುದಿ ಗುಡ್ಡದ ಡುಬ್ಬದ ನಟ್ಟನಡುವೆ ಬಂದು ನಿಲ್ಲುವ ಜಾಗ ಒಂದೇ. ಅಲ್ಲಿ ನಿನ್ನ ತಲೆ. "ಗಿಡ ಒಣಗ್ತೈತಿ, ಮುಳ್ಳು ಹಾರಿ ಹೊಕ್ಕೈತಿ. ಗುಡ್ಡ ಎಲ್ಲಿಗಿ ಹೊಕ್ಕೈತಿ ಸುಮ್ಮೀ?" ಅಂತ ನನಗೆ ಹೇಳಿದ್ದ. ಎಳ್ಳ ಅಮವಾಸ್ಯೆಗೆ ಭೂತಾಯಿಯ ಎಡೆಯೆಂದು ಹೊಲಕ್ಕೆಲ್ಲ ಚರಗ ಚೆಲ್ಲಿದ ಮೇಲೆ ನಾನೊಬ್ಬಳೇ ಬದುವಿನ ಮೇಲೆ ನಡೆದು, ಗೋಪುರವನ್ನೂ ಡುಬ್ಬವನ್ನೂ ಕೂಡಿಸಿ, ನಿನ್ನ ಹತ್ತಿರ ಕೂರುತ್ತಿದ್ದೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನು ಹಾಲಲ್ಲಿ ನೆನೆಸಿ ಇಡುತ್ತಿದ್ದೆ. ಹಲ್ಲಿಲ್ಲವಲ್ಲ ನಿನಗೆ.

ಆಮೇಲೆ ಗಣಿ ಬಂತು. ಕೆಂಪು ಧೂಳು ಕೂತು ಜೋಳ ತೆನೆ ಕಟ್ಟಲಿಲ್ಲ, ಎರಡು ವರ್ಷ ಹೊಲ ಬಿತ್ತಲೂ ಇಲ್ಲ, ಚರಗ ಚೆಲ್ಲಲೂ ಇಲ್ಲ. ನಿನ್ನಪ್ಪ ಗುಡ್ಡದ ಮೇಲೆ ಅದಿರು ಅಗೆಯುವ ಯಂತ್ರಕ್ಕೆ ಆಪರೇಟರ್ ಆದ. ಸುತ್ತಲಿನವರೆಲ್ಲ ಹೊಲಗಳನ್ನು ಅದಿರು ರಾಶಿ ಹಾಕಲು ಕೊಟ್ಟರು. ಕೊನೆಗೆ ನಿನ್ನ ಅಜ್ಜ ಸುಂಕಪ್ಪನೂ ಹೂಂ ಅಂದ. ನಾನು ಸ್ಟಾಕ್‌ಯಾರ್ಡಿನ ಮ್ಯಾನೇಜರ್ ಹತ್ತಿರ ಹೋಗಿ ನಿನ್ನ ವಿಷಯ ಹೇಳಿದೆ. ಕೆಟ್ಟ ಮನುಷ್ಯ ಅಲ್ಲ ಅವನು. "ಎಲ್ಲೈತಿ ತೋರ್ಸಮ್ಮ, ಅಷ್ಟು ಜಾಗಕ್ಕ ಬೇಲಿ ಹಾಕಿ ಬಿಡ್ತೀವಿ" ಅಂದ. ಆ ದಿನ ನನಗೆಷ್ಟು ಸಮಾಧಾನ ಆಗಿತ್ತು!

ಈ ಎಳ್ಳ ಅಮವಾಸ್ಯೆಗೆ ಅವನನ್ನು ಕರೆದುಕೊಂಡೇ ಹೋದೆವು. ಬದುವಿನ ಮೇಲೆ ನಡೆದೆ, ಗೋಪುರದ ತುದಿ ನೋಡಿದೆ, ಕಣ್ಣೆತ್ತಿದೆ. ಗುಡ್ಡ ಹಂಚಿನಷ್ಟು ಚಪ್ಪಟೆಯಾಗಿತ್ತು. ಡುಬ್ಬ ಹೋದದ್ದು ಊರಿಗೆಲ್ಲ ಗೊತ್ತಿತ್ತು, ನಾವೇ ನಗೆಯಾಡಿದ್ದೆವು. ಅದರ ಜೊತೆ ನೀನೂ ಕಳೆದುಹೋದೆ ಅನ್ನುವುದು ಅಲ್ಲಿ ನಿಲ್ಲುವವರೆಗೂ ಹೊಳೆದಿರಲಿಲ್ಲ. ನಾನೊಂದು ಕಡೆ ಕೈ ತೋರಿಸಿದೆ, ಅಜ್ಜಿ ಇನ್ನೊಂದು ಕಡೆ. ನಿನ್ನಪ್ಪ ಕೈ ಎತ್ತಲೇ ಇಲ್ಲ. ಬದುವಿನ ಮೇಲೆ ಕೂತು, "ಆ ಡುಬ್ಬ ನಾನಽ ಕಡಿದೀನಿ ಸುಮ್ಮೀ. ಮ್ಯಾಲೆ ನಿಂತ್ರ ಡುಬ್ಬ ಅಂತ ಗೊತ್ತಾಗಂಗಿಲ್ಲ, ಬರೇ ಮಣ್ಣು ಕಾಣ್ತೈತಿ" ಅಂದ. ಬೈಯಬೇಕೆಂದು ತಿರುಗಿದವಳು ಅವನ ಮುಖ ನೋಡಿ ಮ್ಯಾನೇಜರ್ ಕಡೆ ನಡೆದೆ.

ಇಡೀ ಬದುವನ್ನೇ ಬಿಡ್ರಿ ಅಂತ ಕೈ ಮುಗಿದೆ. "ಹಂಗ ಬಿಟ್ರ ಲಾರಿ ಹೆಂಗ ತಿರುಗ್ತಾವಮ್ಮ" ಅಂದ ಮ್ಯಾನೇಜರ್, ನೆಲ ನೋಡುತ್ತ.

ಈಗ ನಿನ್ನ ಮೇಲೆ ಅದೇ ಗುಡ್ಡದ ಅದಿರು ಬಿದ್ದಿದೆ. ರಾಶಿ ಗುಡಿಯ ಗೋಪುರಕ್ಕಿಂತ ಎತ್ತರವಾಗಿದೆ. ಮೊದಲ ಲಾರಿ ಸುರಿದ ದಿನ ನಿನ್ನ ಅಜ್ಜಿ ರಸ್ತೆಯಲ್ಲೇ ಕೂತು ಎದೆ ಬಡಿದುಕೊಂಡಳು. "ಒಂದು ಕಲ್ಲು ಬ್ಯಾಡ ಅಂದಿದ್ನೆಲ್ಲೋ, ಗುಡ್ಡಾನಽ ತಂದು ಹೇರಿದ್ರೆಲ್ಲೋ ನನ್ನ ಕೂಸಿನ ಮ್ಯಾಗ!" ಅವಳನ್ನು ಎಬ್ಬಿಸಿ ಮನೆಗೆ ಕರೆತಂದೆ. ನಿನ್ನಪ್ಪ ಈಗಲೂ ಕೆಲಸಕ್ಕೆ ಹೋಗುತ್ತಾನೆ. ಉಣ್ಣುವಾಗ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾನೆ.

ನನಗೆ ಉಸಿರು ಕಟ್ಟುತ್ತದೆ ನೀಲಾ. ನಿನಗೆ ಹೇಗಾಗುತ್ತಿದೆಯೋ.

ತಿಂಗಳಿಗೊಮ್ಮೆ ಊರಿನ ಹಸುಗೂಸುಗಳನ್ನೆಲ್ಲ ತಕ್ಕಡಿಯ ಜೋಳಿಗೆಯಲ್ಲಿ ಕೂರಿಸಿ ತೂಗುವುದು ನನ್ನ ಕೆಲಸ. ಶೆಡ್ಡಿನವರ ಮಕ್ಕಳೂ ಬರುತ್ತವೆ. ಹೊಸ ಕೂಸು ಬಂದರೆ ಮೊದಲು ಅದರ ಮುಖ ನೋಡುತ್ತೇನೆ, ಆಮೇಲೆ ತಕ್ಕಡಿಯ ಮುಳ್ಳು. ನನ್ನ ಹೊಟ್ಟೆಯಲ್ಲೇ ಹುಟ್ಟಬೇಕೆಂದು ಹಟ ಮಾಡಬೇಡ. ಆ ರಾಶಿಯ ಕೆಳಗಿಂದ ಹೇಗಾದರೂ ಎದ್ದು, ಸಿಕ್ಕ ಮನೆಯಲ್ಲಿ, ಗೊತ್ತಿಲ್ಲದ ಭಾಷೆಯ ಯಾವ ತಾಯಿಯ ಮಡಿಲಲ್ಲಾದರೂ ಹುಟ್ಟು. ನನ್ನ ಜೋಳಿಗೆಗೆ ಬಂದೇ ಬರುತ್ತೀಯ. ಊರು ಗುರುತು ಸಿಗದಷ್ಟು ಬದಲಾಗಿದೆ, ದಾರಿ ತಪ್ಪೀಯೆಂದು ಗೋಡೆಯ ಮೇಲೆ ಡುಬ್ಬ ಬರೆದಿಟ್ಟಿದ್ದೇನೆ.

ನಿನ್ನ ಎದೆಯ ಭಾರ ಇಳಿಯಲಿ, ನನ್ನವ್ವಾ. ಹಗುರಾಗಿ ಬಾ.

ತಕ್ಕಡಿ ಹಿಡಿದು ಕಾಯುತ್ತಿರುವ
ನಿನ್ನ ಅವ್ವ
ಸುಮಂಗಲಾ