ಸೂರ್ಯನ ಕೆಳಗಿನ ಗೇಣು ಜಾಗ

ಲಿಮಾ
ಜುಲೈ 20, 1997

ಅಪ್ಪಾ,

ಮಂಡಿನೋವು ಹೇಗಿದೆ ಎಂದು ಕೇಳುವುದಿಲ್ಲ. ಆಲೂಗೆಡ್ಡೆ ಕೀಳಲು ಎಲ್ಲರಿಗಿಂತ ಮೊದಲು ಓಡಿದೆಯಂತೆ, ಅಕ್ಕ ಎವರಿಸ್ಟಾ ಬರೆದಿದ್ದಾಳೆ. ನನ್ನ ಮೂರನೆಯ ಸಿನಿಮಾ ಮುಗಿಯಿತು, ಬೊಗೋಟಾದಲ್ಲಿ ಬಹುಮಾನವೂ ಬಂತು. ಜಂಬ ಅನ್ನು, ಪರವಾಗಿಲ್ಲ. ಅದು ನಿನ್ನಿಂದಲೇ ಬಂದದ್ದು.

ಚಿತ್ರ ಬರೆಯುವವಳಿಗೆ ಸಿನಿಮಾ ಯಾಕೆ ಎಂದು ಇಲ್ಲಿಯವರು ಕೇಳುತ್ತಾರೆ. ನಾನು ಮಾಡುವುದು ನಮ್ಮೂರಿನ ಚಿತ್ರದ ಹಲಗೆಯನ್ನೇ. ಕ್ಯಾಮೆರಾವನ್ನು ನೆಲದಲ್ಲಿಟ್ಟು ಶುರುಮಾಡಿ ಸೂರ್ಯನವರೆಗೆ ಏರುತ್ತೇನೆ. ಸೂರಿಗೆ ಕಟ್ಟುವ ಹಲಗೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಕಲಿಸಿದವನು ನೀನು. ಕಲಿಸಿದ್ದು ಅಣ್ಣನಿಗೆ, ನಾನು ಬಾಗಿಲ ಸಂದಿಯಿಂದ ಕದ್ದು ಕಲಿತೆ. ನನ್ನ ಕೋಳಿಗರಿಯ ಕುಂಚವನ್ನು ಒಲೆಗೆ ಹಾಕಿ, "ಹುಡುಗೀರಿಗೆ ಹಲಗೆ ಯಾಕೆ, ನೂಲು ಸಾಕು" ಅಂದದ್ದು ನೆನಪಿದೆಯಲ್ಲ?

ಆಮೇಲೆ ಅಕ್ಕ ಹೊಸ ಮನೆ ಕಟ್ಟಿದಳು. ನೀನು ಹತ್ತಿ ಬಿಡಿಸಲು ಕರಾವಳಿಗೆ ಹೋಗಿದ್ದೆ, ಅಣ್ಣ ಸೈನ್ಯದಲ್ಲಿದ್ದ. ಸೂರು ಹೊದಿಸುವ ದಿನ ಹಲಗೆ ಉಡುಗೊರೆ ಕೊಡಬೇಕಾದವನು ಅವಳ ಮಗುವಿನ ಧರ್ಮಪಿತ. ಅವನು ಬೇರೆ ದಾರಿಯಿಲ್ಲದೆ ನನ್ನ ಬಳಿ ಬಂದ. ಬಂಧುಗಳಲ್ಲಿ ಒಬ್ಬರನ್ನೂ ಬಿಡದೆ, ಅವರವರ ಕೆಲಸದ ಸಮೇತ ಬರೆಯಬೇಕೆಂದು ನನಗೆ ಗೊತ್ತಿತ್ತು. ಬಿಟ್ಟರೆ ಅವರು ನಮ್ಮವರೇ ಅಲ್ಲವೆಂದು ಊರ ಮುಂದೆ ಹೇಳಿದ ಹಾಗೆ. ನೀನು ಕರಾವಳಿಯಿಂದ ಬಂದು, ತಲೆಯೆತ್ತಿ, ಕೆಳಗಿನಿಂದ ಓದಿದೆ.

"ನಾಯಿಗೂ ಜಾಗ ಸಿಕ್ತು, ನನಗೆ ಸಿಗಲಿಲ್ಲ ಅಲ್ವಾ?" ಎಂದು ಕೇಳಿ, ಮೆಕ್ಕೆಜೋಳದ ಚಿಚಾ ಕೂಡ ಕುಡಿಯದೆ ಹೊರಟೆ. ಇಪ್ಪತ್ತೆರಡು ವರ್ಷ ಆ ಮನೆಯೊಳಗೆ ಕಾಲಿಟ್ಟಿಲ್ಲ. ಜಾಗ ಸಾಲಲಿಲ್ಲ ಎಂದು ನಾನೂ ಅಷ್ಟು ವರ್ಷ ಹೇಳುತ್ತಲೇ ಬಂದೆ.

ಆಗಸ್ಟ್ ಹದಿನೈದರ ದೇವಮಾತೆಯ ಹಬ್ಬಕ್ಕೆ ಸಿನಿಮಾ ತರುತ್ತಿದ್ದೇನೆ. ಅಕ್ಕನ ಮನೆಯಲ್ಲೇ, ಕಿಟಕಿಗೆ ಕಂಬಳಿ ಕಟ್ಟಿ, ಹಾಡಹಗಲಲ್ಲೇ ತೋರಿಸುತ್ತೇನೆ. ನೀನು ಬರಬೇಕು. ಯಾರು ಎಷ್ಟೇ ಹೊಗಳಲಿ, ನನ್ನ ಕೆಲಸ ನೆಟ್ಟಗಿದೆಯೋ ಇಲ್ಲವೋ ಎಂದು ಹೇಳಬಲ್ಲವನು ನೀನೊಬ್ಬನೇ. ಬಂದು ಬೈದರೂ ಸಂತೋಷ. ಬರದಿದ್ದರೆ ಮಾತ್ರ ತಡೆದುಕೊಳ್ಳಲಾರೆ.

ನಿನ್ನಷ್ಟೇ ಹಟಮಾರಿಯಾದ ಮಗಳು,
ಜೆನೋಬಿಯಾ

ವಿ.ಸೂ.: ಜಾಗ ಸಾಲಲಿಲ್ಲ ಎಂಬುದು ಸುಳ್ಳು, ಅಪ್ಪಾ. ಸಿಟ್ಟಿನಿಂದ ಬೇಕೆಂದೇ ಬಿಟ್ಟೆ. ಆದರೆ ಪೂರ್ತಿ ಬಿಡಲು ಕೈ ಬರಲಿಲ್ಲ. ಹಲಗೆಯ ತುದಿಯ ಸೂರ್ಯನ ಕೆಳಗೆ ಒಂದು ಗೇಣು ಬರೀ ಬಿಳಿ ಮಣ್ಣು ಬಳಿದು ಇಟ್ಟಿದ್ದೇನೆ; ನೀನು ಅದನ್ನು ಮೋಡ ಅಂದುಕೊಂಡಿರಬೇಕು. ಬರುವಾಗ ಒಂದು ಕೋಳಿಗರಿ ತಾ. ಏಣಿಯನ್ನು ನೀನು ಹಿಡಿದುಕೋ, ನಿನ್ನನ್ನು ನಾನು ಬರೆಯುತ್ತೇನೆ.